ಮೈಸೂರಲ್ಲಿ ಸ್ಕೇಟ್‌ಬೋರ್ಡ್ ಗುಂಪು ಬೆಳೆಸೋದು: ಮೊದಲು ರ‍್ಯಾಂಪಾ, ಮೊದಲು ಜನಾನಾ?

ಒಂಟಿಕೊಪ್ಪಲ್_ಪುಶ್
ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಭಾನುವಾರ ಬೆಳಿಗ್ಗೆ ಬೋರ್ಡ್ ಹಿಡ್ಕೊಂಡು ಸೇರೋರು ಏಳು ಜನ. ಬೋರ್ಡ್ ಇರೋದು ಐದು, ಅದರಲ್ಲಿ ಒಂದು ಆಟಿಕೆ ಅಂಗಡಿ ಮಾಲು. ಕೂಡಿಟ್ಟಿರೋದು 40 ಸಾವಿರ ರೂಪಾಯಿ. ಸ್ವಂತ ಜಾಗ ಇಲ್ಲ, ಬಡಾವಣೆ ಪಾರ್ಕಿನ ಪಕ್ಕದ ಕಾಂಕ್ರೀಟ್ ರಸ್ತೆಯೇ ಗತಿ. ವಾಕಿಂಗ್ ಬರೋ ಹಿರಿಯರು ಸದ್ದು ಅಂತ ಗೊಣಗ್ತಾರೆ, ಆಮೇಲೆ ವಾಚ್‌ಮನ್ ಬಂದು ಎಬ್ಬಿಸ್ತಾನೆ.

ಗುಂಪಲ್ಲಿ ಎರಡು ಪಂಗಡ. ಒಂದು ಪಂಗಡ "ಮಿನಿ ರ‍್ಯಾಂಪ್ ಕಟ್ಟೋಣ, ಜನ ತಾನಾಗೇ ಬರ್ತಾರೆ" ಅನ್ನುತ್ತೆ (ನಡುವೆ ಸಮತಟ್ಟು, ಎರಡು ಕಡೆ ಬಾಗಿ ಮೇಲೇಳೋ ಮರದ ಇಳಿಜಾರು). ಇನ್ನೊಂದು "ಬೋರ್ಡ್ ಕೊಂಡು ಮಕ್ಕಳ ಕೈಗೆ ಕೊಡೋಣ, ರ‍್ಯಾಂಪ್ ಆಮೇಲೆ" ಅನ್ನುತ್ತೆ. ಯಾವುದು ಸರಿ? "ಇನ್‌ಸ್ಟಾದಲ್ಲಿ ಪೇಜ್ ಮಾಡಿ" ಅನ್ನೋದು ಬಿಟ್ಟು ಬೇರೆ ಏನಾದ್ರೂ ಹೇಳಿ.

ಬೇರಿಂಗ್_608
ಇನ್‌ಸ್ಟಾದಲ್ಲಿ ಪೇಜ್ ಮಾಡಿ.

ಚಕ್ರಪಾಣಿ_54ಎಂಎಂ
40 ಸಾವಿರಕ್ಕೆ ರ‍್ಯಾಂಪ್ ಆಗಲ್ಲ ಗುರು. ಲೆಕ್ಕ ಹಾಕೋಣ ಬಾ. ಕಲಿಯೋರಿಗೆ ಸರಿಯಾದ ಅಳತೆ ಅಂದ್ರೆ 3 ಅಡಿ ಎತ್ತರ, 6 ಅಡಿ ರೇಡಿಯಸ್, 8 ಅಡಿ ಅಗಲ, ನಡುವೆ 8 ಅಡಿ ಸಮತಟ್ಟು, ಎರಡೂ ಕಡೆ 4 ಅಡಿ ಪ್ಲಾಟ್‌ಫಾರ್ಮ್. ಈ ಅಳತೆಗೆ ಒಂದೊಂದು ವಕ್ರ ನೆಲದ ಮೇಲೆ 5 ಅಡಿ 2 ಇಂಚು ಚಿಲ್ಲರೆ ತಿನ್ನುತ್ತೆ, ವಕ್ರದ ಮೈ ಉದ್ದ 6 ಅಡಿ 3 ಇಂಚು. ಅಂದ್ರೆ ಜಾರೋ ಮೈ ಒಟ್ಟು ಇಪ್ಪತ್ತೂವರೆ ಅಡಿ ಉದ್ದ, 8 ಅಡಿ ಅಗಲ. ಒಂದು ಪದರಕ್ಕೆ 8×4 ಶೀಟು 6 ಬೇಕು, ಎರಡು ಪದರಕ್ಕೆ 12. ಪಕ್ಕದ ಟೆಂಪ್ಲೇಟ್‌ಗೆ (ವಕ್ರದ ಆಕಾರಕ್ಕೆ ಕತ್ತರಿಸೋ ಹಲಗೆ) 18 ಎಂಎಂ 3 ಶೀಟು, ಪ್ಲಾಟ್‌ಫಾರ್ಮ್‌ಗೆ 2. ಒಟ್ಟು 17 ಶೀಟು, ಅದೂ ನೀರು ತಡೆಯೋ ಐಎಸ್ 710 ಮರೀನ್ ಪ್ಲೈ. ಕಬ್ಬಿಣ, ಸ್ಕ್ರೂ, ಬಡಗಿ ಕೂಲಿ ಲೆಕ್ಕಕ್ಕೆ ಬರೋ ಮುಂಚೆ ಪ್ಲೈವುಡ್‌ಗೇ ನಿಮ್ಮ 40 ದಾಟುತ್ತೆ.

ರ‍್ಯಾಂಪ್_ಪಂಗಡ
12 ಶೀಟು ಯಾಕೆ? ಒಂದೇ ಪದರ 18 ಎಂಎಂ ಹಾಕಿದ್ರೆ ಮುಗೀತಲ್ಲ.

ಚಕ್ರಪಾಣಿ_54ಎಂಎಂ
18 ಎಂಎಂ ಶೀಟು 6 ಅಡಿ ರೇಡಿಯಸ್‌ಗೆ ಬಗ್ಗಲ್ಲ. ಬಲವಂತವಾಗಿ ಸ್ಕ್ರೂ ಹಾಕಿ ಎಳೆದ್ರೆ ಮೊದಲ ಬಿಸಿಲಿಗೆ ಸ್ಕ್ರೂ ಕಿತ್ಕೊಂಡು ಮೇಲೇಳುತ್ತೆ. ಅದಕ್ಕೇ 9 ಎಂಎಂ ಮೇಲೆ 9 ಎಂಎಂ. ಮೇಲಿನ ಪದರದ ಸಂದಿ ಕೆಳಗಿನ ಪದರದ ಸಂದಿ ಮೇಲೆ ಬರಬಾರದು, ಇಟ್ಟಿಗೆ ಕಟ್ಟಿದ ಹಾಗೆ ಅರ್ಧ ಸರಿಸಿ ಹಾಕಬೇಕು. ಶೀಟಿಗೂ ಶೀಟಿಗೂ ನಡುವೆ 2–3 ಎಂಎಂ ಬಿಡಿ, ಮಳೆಗಾಲದಲ್ಲಿ ಹಿಗ್ಗುತ್ತೆ. ಪ್ಲೈ ಕೆಳಗಿನ ತೊಲೆ 8 ಇಂಚಿಗೊಂದು. ದುಡ್ಡು ಉಳಿಸೋಕೆ ಅಂತ 12 ಇಂಚಿಗೊಂದು ಹಾಕಿದ್ರೆ ನಡುವೆ ಪ್ಲೈ ಕುಣಿಯುತ್ತೆ, ಮೂರು ತಿಂಗಳಿಗೆ ಹೊಟ್ಟೆ ಬಿಡುತ್ತೆ.

ಟೆಂಪ್ಲೇಟ್‌ಗೆ ಒಂದು ಉಪಾಯ: ಒಂದು ಟೆಂಪ್ಲೇಟ್ ನೇರಕ್ಕೆ, ಇನ್ನೊಂದನ್ನ ತಿರುಗಿಸಿ ಅದರ ಮೇಲೆ ಬರೆದ್ರೆ ಒಂದೇ ಶೀಟಲ್ಲಿ ಎರಡು ಬರುತ್ತೆ. 6 ಟೆಂಪ್ಲೇಟ್‌ಗೆ 3 ಶೀಟು ಅಂದಿದ್ದು ಅದಕ್ಕೇ. ಬಡಗಿಗೆ ಹೇಳದೇ ಇದ್ರೆ ಅವನು 6 ಶೀಟು ತರಿಸ್ತಾನೆ.

ಸೆಂಟ್ರಿಂಗ್_ಸೀನ
ಮೇಲಿನ ಪದರಕ್ಕೆ ಮರೀನ್ ಪ್ಲೈ ಬದಲು ಸೆಂಟ್ರಿಂಗ್ ಕೆಲಸಕ್ಕೆ ಬಳಸೋ ಕಪ್ಪು ಫಿಲ್ಮ್ ಇರೋ ಶಟರಿಂಗ್ ಪ್ಲೈ ಹಾಕಿ. ನೀರು ಕುಡಿಯಲ್ಲ, ಚಕ್ರ ಚೆನ್ನಾಗಿ ಓಡುತ್ತೆ. ಎರಡು ಎಚ್ಚರಿಕೆ. ಕತ್ತರಿಸಿದ ಅಂಚಿಗೂ ಸ್ಕ್ರೂ ತೂತಿಗೂ ಪೇಂಟ್ ಹಚ್ಚಿ ಮುಚ್ಚಬೇಕು, ಇಲ್ಲಾಂದ್ರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತೆ. ಆಮೇಲೆ ಬೆಳಗಿನ ಇಬ್ಬನಿ ಬಿದ್ದಾಗ ಅದು ಸೋಪು ಹಚ್ಚಿದ ಹಾಗಿರುತ್ತೆ, ಒರೆಸದೆ ಯಾರೂ ಹತ್ತಬಾರದು.

ಬೇರಿಂಗ್_608
ಕೋಪಿಂಗ್, ಅಂದ್ರೆ ವಕ್ರದ ಮೇಲಂಚಿಗೆ ಕೂರಿಸೋ ಪೈಪ್, ಅದರ ಬಗ್ಗೆ ಯಾರೂ ಹೇಳಲಿಲ್ಲ. "2 ಇಂಚು ಜಿಐ ಪೈಪ್" ಅಂತ ಅಂಗಡೀಲಿ ಕೇಳಿದ್ರೆ ಕೊಡೋದು ಒಳಗಿನ ಅಳತೆದು, ಹೊರಗೆ 60 ಎಂಎಂ ಇರುತ್ತೆ. ಬಡಗಿ 50 ಎಂಎಂ ಅಂದ್ಕೊಂಡು ಗೂಡು ಕತ್ತರಿಸಿದ್ರೆ ಪೈಪ್ 10 ಎಂಎಂ ಜಾಸ್ತಿ ಹೊರಗೆ ಚಾಚುತ್ತೆ. ಮೇಲಕ್ಕೂ ಮುಂದಕ್ಕೂ 8ರಿಂದ 10 ಎಂಎಂ ಮಾತ್ರ ಚಾಚಬೇಕು. ಜಾಸ್ತಿ ಚಾಚಿದ್ರೆ ಇಳಿಯುವಾಗ ಹಿಂದಿನ ಚಕ್ರ ಸಿಕ್ಕಿ ಆಸಾಮಿ ಮುಖ ಅಡಿ ಮಾಡಿ ಬೀಳ್ತಾನೆ. ಕಡಿಮೆ ಆದ್ರೆ ಟ್ರಕ್ (ಬೋರ್ಡ್ ಅಡಿಯಲ್ಲಿ ಚಕ್ರ ಹಿಡಿಯೋ ಲೋಹದ ಭಾಗ) ಅದರ ಮೇಲೆ ಕೂರಲ್ಲ. ಪೈಪ್ ತಂದು ಕ್ಯಾಲಿಪರ್ ಹಿಡಿದು ನೋಡಿ, ಆಮೇಲೆ ಗೂಡು ಕತ್ತರಿಸಿ.

ಹುಬ್ಳಿ_ಹಲಗಿ
ಅಣ್ಣಾರ, ರ‍್ಯಾಂಪ್ ಕಥಿ ಬಿಡ್ರಿ. ಜಾಗಾನ ನಿಮ್ದಲ್ಲ, ಅದನ್ನ ಎಲ್ಲಿ ಇಡಾವ್ರು? ಜಾಗದ ಮಾಲಕ ನಾಳೆ "ಎತ್ರಿ" ಅಂದ್ರ 26 ಅಡಿ ಉದ್ದದ ರ‍್ಯಾಂಪ್ ತಲಿ ಮ್ಯಾಲೆ ಹೊತ್ಕೊಂಡು ಹೋಗ್ತೀರೇನು? ಮೊದಲ ಬೋರ್ಡ್ ಹತ್ತಿಸಿ ಜಾರಾಕ ಒಂದ ಪೈಪ್ ತರ್ರಿ. 2 ಇಂಚಿನ ಚೌಕ ಪೈಪ್, 3 ಎಂಎಂ ದಪ್ಪ, 20 ಅಡಿ ಉದ್ದ ಬರ್ತದ. ಅದರಾಗ 8 ಅಡಿದ್ದು ಎರಡು ತುಂಡು. ಉಳಿದ 4 ಅಡಿಯೊಳಗ 10 ಇಂಚಿನ ಕಾಲು ಎರಡು, 6 ಇಂಚಿನ ಕಾಲು ಎರಡು. ಒಂದ ಪೈಪಿನಾಗ ಎರಡು ಫ್ಲಾಟ್‌ಬಾರ್ ಆತು: ಒಂದು 12 ಇಂಚು ಎತ್ತರ, ಇನ್ನೊಂದು ಹೊಸಬರಿಗೆ 8 ಇಂಚು. ಒಬ್ಬಾವ ಎತ್ತಿ ಆಟೋದಾಗ ಹಾಕ್ಬಹುದು.

ವೆಲ್ಡರ್‌ಗೆ ಇಷ್ಟು ಹೇಳ್ರಿ. ಪೈಪಿನ ಬಾಯಿ ಎರಡೂ ಕಡೆ ಪ್ಲೇಟ್ ಹಾಕಿ ಮುಚ್ಚಬೇಕು, ಬಿಟ್ರ ಅದು ಮೊಣಕಾಲ ಕೆಳಗ ಕತ್ತಿ ಆಗ್ತದ. ವೆಲ್ಡಿಂಗ್ ಗಂಟು ಮ್ಯಾಲಿನ ಮೈಗೆ ಬರಬಾರ್ದು, ಗ್ರೈಂಡರ್ ಹೊಡಿಸ್ರಿ. ಅಡಿಗೆ 50×6ರ ಪಟ್ಟಿ, 20 ಇಂಚು ಉದ್ದ, ಅಡ್ಡ. ಪಟ್ಟಿ ಅಡಿಗೆ ಹಳೆ ಸೈಕಲ್ ಟ್ಯೂಬ್ ಅಂಟಿಸ್ರಿ, ಸರಿಯಂಗಿಲ್ಲ, ಸಪ್ಪಳಾನೂ ಕಡಿಮಿ. ಬಣ್ಣ ಕಾಲಿಗಷ್ಟ. ಮ್ಯಾಲೆ ಬಣ್ಣ ಹಚ್ಚಿದ್ರ ಬೋರ್ಡ್ ಹಿಡೀತದ.

ಒಂಟಿಕೊಪ್ಪಲ್_ಪುಶ್
ಇದು ಕೆಲಸಕ್ಕೆ ಬರೋ ಮಾತು. ಜೊತೆಗೆ ಅಂಚಲ್ಲಿ ಬೋರ್ಡ್ ಜಾರಿಸೋಕೆ ಒಂದು ಬಾಕ್ಸ್?

ಸೆಂಟ್ರಿಂಗ್_ಸೀನ
8 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಎತ್ತರ. ಒಂದು 18 ಎಂಎಂ ಶೀಟಲ್ಲಿ ಮೇಲ್ಭಾಗ ಒಂದು, ಉದ್ದದ ಬದಿ ಎರಡು ಚೊಕ್ಕವಾಗಿ ಬರುತ್ತೆ. ಎರಡು ತುದಿಗೂ ಒಳಗಿನ ಅಡ್ಡ ಪಟ್ಟಿಗೂ ಇನ್ನೊಂದು ಶೀಟಿನ ತುಂಡು. ಅಂಚಿಗೆ 40×40×5 ಎಂಎಸ್ ಆಂಗಲ್. ಸ್ಕ್ರೂನ ಬದಿಯಿಂದ ಹಾಕಿ, ಮೇಲಿನಿಂದ ಬೇಡ. ತಲೆ ಒಂದು ಕೂದಲೆಳೆ ಎದ್ರೂ ಟ್ರಕ್ ಅಲ್ಲೇ ನಿಲ್ಲುತ್ತೆ, ಮನುಷ್ಯ ಮುಂದೆ ಹೋಗ್ತಾನೆ.

ಕುಡ್ಲ_ಕರ್ಬ್
ಅಂಚಿಗೆ ಮೇಣದ ಬತ್ತಿ ತಿಕ್ಕಿ, ಆದ್ರೆ ಕಡಿಮೆ ಮಾರಾಯ್ರೆ. ಹೊಸಬರು ಅರ್ಧ ಬತ್ತಿ ತಿಕ್ತಾರೆ, ಆಮೇಲೆ ಬೋರ್ಡ್ ಎಣ್ಣೆ ಬಿದ್ದ ಹಾಗೆ ಓಡ್ತದೆ. ಮತ್ತೆ ಪಾರ್ಕಿನ ಬೆಂಚಿಗೆ, ಯಾರದೋ ಕಾಂಪೌಂಡ್ ಗೋಡೆಗೆ ಮೇಣ ಹಚ್ಚಲೇ ಬಾರ್ದು. ಕಪ್ಪು ಗೀರು ಬಿದ್ದದ್ದೇ ದೂರಿಗೆ ಮೊದಲ ಕಾರಣ. ಸ್ವಂತ ಬಾಕ್ಸ್ ಇರೋದೇ ಅದಕ್ಕೆ.

ಚಾಮರಾಜನಗರ_ಕರಿಕಲ್ಲು
ಮೈಸೂರಿನವರು ಆಂಗಲ್ ಯಾಕೆ ಹಾಕ್ತೀರಿ ಸ್ವಾಮಿ, ಪಕ್ಕದಲ್ಲೇ ಕರಿ ಗ್ರಾನೈಟ್ ಇದೆ. ಗ್ರಾನೈಟ್ ಅಂಗಡೀಲಿ ಕಟಿಂಗ್ ಪೀಸ್ ಕೇಳಿ. ಪಾಲಿಶ್ ಮೈ ಮೇಣ ಇಲ್ಲದೇನೇ ಜಾರುತ್ತೆ. ಅಂಚು ಚೂಪಾಗಿ ಬಿಡಬೇಡಿ, 3 ಎಂಎಂ ಗುಂಡಗೆ ಹೊಡಿಸಿ. ಇಲ್ಲಾಂದ್ರೆ ಟ್ರಕ್ ಬಡಿದ ಕಡೆ ಚಕ್ಕೆ ಏಳುತ್ತೆ. ಒಂದೇ ತೊಂದರೆ, ಭಾರ. ಹೊತ್ತು ತಿರುಗೋ ಹಾಗಿಲ್ಲ, ಜಾಗ ಖಾಯಂ ಆದ ಮೇಲೆ.

ಮೀನಾಕ್ಷಿ_ಗೂಫಿ
ಎಲ್ಲರೂ ಕಬ್ಬಿಣ, ಕಲ್ಲು, ಪ್ಲೈವುಡ್. ಪ್ರಶ್ನೆ ಜನ ಸೇರಿಸೋದು ಹೇಗೆ ಅಂತ ಇತ್ತು.

ಜನ ಸೇರೋದು ಹೊತ್ತು ಗೊತ್ತು ಇದ್ದಾಗ. ವಾರದ ಒಂದೇ ದಿನ, ಒಂದೇ ಗಂಟೆ, ಒಂದೇ ಜಾಗ. ಮಳೆ ಬಂದ್ರೂ ಒಬ್ಬರು ಅಲ್ಲಿ ನಿಂತಿರಬೇಕು. "ಈ ವಾರ ಎಲ್ಲಿ ಸೇರೋಣ?" ಅಂತ ವಾಟ್ಸಾಪ್‌ನಲ್ಲಿ ಕೇಳೋ ಗುಂಪಿಗೆ ಹೊಸಬರು ಬರಲ್ಲ. ಹಾಗೆ ಕೇಳೋದು ಒಳಗಿರೋ ಏಳು ಜನಕ್ಕೆ ಮಾತ್ರ ಅರ್ಥ ಆಗೋ ಭಾಷೆ. ದಾರೀಲಿ ಹೋಗೋ ತಾಯಿ ಒಂದು ಭಾನುವಾರ ನೋಡಿ, ಮುಂದಿನ ಭಾನುವಾರ ಮಗಳ ಕೈ ಹಿಡ್ಕೊಂಡು ಬಂದಾಗ ನೀವು ಅಲ್ಲೇ ಇರಬೇಕು, ಅಷ್ಟೆ.

ಎರಡನೇದು ಎರವಲು ಬೋರ್ಡು. ಹನ್ನೆರಡು ಮಕ್ಕಳಿಗೆ 4 ಬೋರ್ಡ್ ಸಾಕು, ಮೂವರಿಗೊಂದು. ಒಬ್ಬರು ಆಡ್ತಾರೆ, ಒಬ್ಬರು ಕೈ ಹಿಡೀತಾರೆ, ಒಬ್ಬರು ನೋಡ್ತಾರೆ, 5 ನಿಮಿಷಕ್ಕೆ ಬದಲು. ಬೋರ್ಡಿನ ಅಡಿಗೆ ನಂಬರ್ ಬರೆದು, ಒಂದು ನೋಟ್‌ಬುಕ್‌ನಲ್ಲಿ ಯಾರು ತಗೊಂಡ್ರು ಅಂತ ಬರೆಯಿರಿ. ಸಣ್ಣ ಮಕ್ಕಳಿಗೆ 7.5 ಇಂಚು ಅಗಲ, ದೊಡ್ಡವರಿಗೆ 8.0ರಿಂದ 8.25.

ರ‍್ಯಾಂಪ್_ಪಂಗಡ
4 ಬೋರ್ಡ್ ಅಂದ್ರೆ 40 ಸಾವಿರ ಅಲ್ಲೇ ಹೋಯ್ತು. ಆಟಿಕೆ ಅಂಗಡೀಲಿ ಒಂದೂವರೆ ಸಾವಿರಕ್ಕೆ ಸಿಗುತ್ತಲ್ಲ, ಕಲಿಯೋಕೆ ಸಾಲದಾ?

ಬೇರಿಂಗ್_608
ಸಾಲದು. ಮಗು ಆಟಾನೇ ಬಿಡೋದು ಅದರಿಂದ. ಅಂಗಡೀಲಿ ನಿಂತು ನಾಲ್ಕು ಪರೀಕ್ಷೆ ಮಾಡಿ. ಚಕ್ರಕ್ಕೆ ಉಗುರು ಒತ್ತಿ: ಗಟ್ಟಿ ಪ್ಲಾಸ್ಟಿಕ್ ಟಕ್ ಅನ್ನುತ್ತೆ, ಪಾಲಿಯುರೆಥೇನ್ ಚೂರು ಬಿಗಿಯಾಗಿ ಎದುರು ಒತ್ತುತ್ತೆ. ಟ್ರಕ್ ಪ್ಲಾಸ್ಟಿಕ್ಕಾ ಲೋಹಾನಾ ನೋಡಿ. ಡೆಕ್, ಅಂದ್ರೆ ನಿಲ್ಲೋ ಹಲಗೆ, ಪೂರ್ತಿ ಚಪ್ಪಟೆ ಇದ್ರೆ ಬೇಡ, ಎರಡೂ ಅಂಚು ಮೇಲಕ್ಕೆ ಚೂರು ಮಡಚಿರಬೇಕು. ಕೊನೇಗೆ ಒಂದು ಬೋರ್ಡ್ ಮೇಲೆ ನಿಂತು ಎಡಕ್ಕೆ ವಾಲಿ. ಅದು ಎಡಕ್ಕೆ ತಿರುಗದಿದ್ರೆ ಟ್ರಕ್ಕಿನ ಬುಶಿಂಗ್ (ವಾಲೋಕೆ ಬಿಡೋ ಮೆತ್ತನೆ ಬಿಲ್ಲೆ) ಬರೀ ಪ್ಲಾಸ್ಟಿಕ್ ತುಂಡು.

ದುಡ್ಡು ಉಳಿಸೋಕೆ ಹಳೇ ಬೋರ್ಡ್ ತಗೊಳ್ಳಿ, ಟ್ರಕ್ ಬಗ್ಗಿರದಿದ್ರೆ ಸಾಕು. ಬೇರಿಂಗ್ 608, ಒಳಗೆ 8 ಎಂಎಂ, ಹೊರಗೆ 22, ದಪ್ಪ 7. ಊರಿನ ಯಾವ ಬೇರಿಂಗ್ ಅಂಗಡೀಲೂ ಸಿಗುತ್ತೆ, "ಸ್ಕೇಟ್ ಬೇರಿಂಗ್" ಅಂತ ಹೆಸರಿಟ್ಟಿದ್ದಕ್ಕೆ ಜಾಸ್ತಿ ಕೊಡಬೇಡಿ. ಡೆಕ್ ಬೋಲ್ಟಿಗೆ ಎಂ5 25 ಎಂಎಂ ಅಲೆನ್ ಬೋಲ್ಟ್, ಕೌಂಟರ್‌ಸಂಕ್ ತಲೆ, ನೈಲಾಕ್ ನಟ್. ಆದ್ರೆ ಸ್ಕೇಟ್ ಟೂಲ್ ಆ ನಟ್‌ಗೆ ಕೂರಲ್ಲ, 8 ಎಂಎಂ ಸ್ಪ್ಯಾನರ್ ಇಟ್ಕೊಳ್ಳಿ.

ಈಗ ಎಲ್ಲರೂ ಮಾಡೋ ತಪ್ಪು: ಚಕ್ರದ ಆಕ್ಸಲ್ ನಟ್ ಕಳೆದುಹೋದಾಗ ಹಾರ್ಡ್‌ವೇರ್ ಅಂಗಡಿ ಎಂ8 ನಟ್ ಹಾಕೋದು. ಆಕ್ಸಲ್ 5/16 ಇಂಚು, 24 ಥ್ರೆಡ್ಡಿಂದು. ಎಂ8 ನೋಡೋಕೆ ಅದೇ ಗಾತ್ರ, ಎರಡು ಸುತ್ತು ಹೋಗುತ್ತೆ ಕೂಡ, ಆಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಆಕ್ಸಲ್ ಥ್ರೆಡ್ಡೇ ಚಿಂದಿ. ಟ್ರಕ್ ಹೋಯ್ತು ಅಂತ ಲೆಕ್ಕ. ಹತ್ತು ನಟ್ ಮೊದಲೇ ತರಿಸಿ ಡಬ್ಬೀಲಿ ಹಾಕಿಡಿ. ವಾಷರ್‌ಗೂ ಇದೇ ಕಥೆ, ಅಂಗಡಿಯ 8 ಎಂಎಂ ವಾಷರ್ ಅಗಲ ಜಾಸ್ತಿ, ಬೇರಿಂಗ್ ಮುಚ್ಚಳಕ್ಕೆ ಉಜ್ಜುತ್ತೆ, ಚಕ್ರ ಓಡಲ್ಲ.

ಹುಬ್ಳಿ_ಹಲಗಿ
608 ಅಂತ ಹೆಸರಿಟ್ಕೊಂಡಾವ ಬೇರಿಂಗ್ ಬಗ್ಗೆ ಇಷ್ಟಾದ್ರೂ ಹೇಳಬೇಕಲ್ಲ.

ಕುಡ್ಲ_ಕರ್ಬ್
ಹುಬ್ಬಳ್ಳಿಯವರೇ, ಸ್ಕೇಟ್‌ಬೋರ್ಡಿಗೆ ಕನ್ನಡದಲ್ಲಿ ಹಲಗೆ ಅನ್ನುವುದಾ? ಉರುಳುಹಲಗೆ ಅಂದ್ರೆ ಹೇಗೆ?

ಹುಬ್ಳಿ_ಹಲಗಿ
ನಮ್ಮ ಕಡೆ ಹಲಗಿ ಅಂದ್ರ ಹೋಳಿ ಹುಣ್ಣಿಮಿಗೆ ಬಾರಸೋದು. ಚಕ್ರದ ಸಪ್ಪಳಾನೂ ಹಂಗ ಇರ್ತದ ಅಂತ ಈ ಹೆಸರು. ಉರುಳುಹಲಗಿ ಅಂದ್ರ ಉರುಳುಸೇವೆ ನೆನಪಾಗ್ತದ, ಬ್ಯಾಡ.

ಚಕ್ರಪಾಣಿ_54ಎಂಎಂ
ಸಪ್ಪಳದ ಮಾತು ಬಂತಲ್ಲ, ಹಿರಿಯರ ಗೊಣಗಾಟಕ್ಕೆ ಮದ್ದು ಅಲ್ಲೇ ಇದೆ. ಎರವಲು ಬೋರ್ಡ್‌ಗಳಿಗೆ 99ಎ ಗಟ್ಟಿ ಚಕ್ರ ಬೇಡ (ಈ ಅಂಕಿ ಹೆಚ್ಚಿದಷ್ಟೂ ಚಕ್ರ ಗಟ್ಟಿ). 56–58 ಎಂಎಂ, 78ಎಯಿಂದ 87ಎ ಒಳಗಿನ ಮೆತ್ತನೆ ಚಕ್ರ ಹಾಕಿ. ಸದ್ದು ಅರ್ಧಕ್ಕರ್ಧ ಇಳಿಯುತ್ತೆ, ಜಲ್ಲಿ ಕಲ್ಲು ಸಿಕ್ಕಿ ಮಕ್ಕಳು ಮುಗ್ಗರಿಸೋದೂ ಕಡಿಮೆ. ಒಂದೇ ಷರತ್ತು: ದೊಡ್ಡ ಚಕ್ರ ತಿರುವಲ್ಲಿ ಡೆಕ್‌ಗೆ ತಾಗಿ ಗಕ್ಕಂತ ನಿಲ್ಲುತ್ತೆ. ಟ್ರಕ್ಕಿಗೂ ಡೆಕ್ಕಿಗೂ ನಡುವೆ ಎತ್ತರ ಕೊಡೋ 3 ಎಂಎಂ ರೈಸರ್ ಪ್ಯಾಡ್ ಹಾಕಿ, ಆಗ ಬೋಲ್ಟ್ 25ರ ಬದಲು 30 ಎಂಎಂ ಬೇಕು.

ಬೆಟ್ಟದ_ಇಳಿಜಾರು
ಮೈಸೂರಲ್ಲಿ ಇದ್ದು ಚಾಮುಂಡಿ ಬೆಟ್ಟದ ರಸ್ತೇಲಿ ಡೌನ್‌ಹಿಲ್ ಮಾಡದೇ ಪೈಪು ಬಾಕ್ಸು ಅಂತಿದ್ದೀರಲ್ಲ? ಒಂದು ವಿಡಿಯೊ ಹಾಕಿದ್ರೆ ಸಾವಿರ ಜನ ಬರ್ತಾರೆ.

ಮೀನಾಕ್ಷಿ_ಗೂಫಿ
ಸಾವಿರ ಜನ ನೋಡ್ತಾರೆ, ಪೊಲೀಸರೂ ನೋಡ್ತಾರೆ. ಬಸ್ಸು ಓಡೋ ರಸ್ತೆ ಅದು, ಆಷಾಢ ಶುಕ್ರವಾರ ಕಾಲಿಡೋಕೂ ಜಾಗ ಇರಲ್ಲ. ಗುಂಪಿನ ಹೆಸರಲ್ಲಿ ಅದನ್ನ ಮಾಡಿದ್ರೆ ಜಾಗ ಕೇಳಿ ಪಾಲಿಕೆಗೆ ಕೊಡೋ ಅರ್ಜಿ ಅವತ್ತೇ ಕಸದ ಬುಟ್ಟಿಗೆ.

ಸೀಲು_ಸಹಿ
ಅರ್ಜಿ ಅಂದ್ರಲ್ಲ, ಅದರ ಬಗ್ಗೆ ಸ್ವಲ್ಪ. "ಸ್ಕೇಟ್‌ಪಾರ್ಕ್ ಕಟ್ಟಿಕೊಡಿ" ಅಂತ ಅರ್ಜಿ ಕೊಟ್ರೆ ಅದು ಬಜೆಟ್ ವಿಷಯ, ಯಾರೂ ಮುಟ್ಟಲ್ಲ. "ಭಾನುವಾರ ಬೆಳಿಗ್ಗೆ 6.30ರಿಂದ 8.30ರವರೆಗೆ ಈ ಬಾಸ್ಕೆಟ್‌ಬಾಲ್ ಅಂಕಣದ ಪಕ್ಕದ ಕಾಂಕ್ರೀಟ್ ಜಾಗ ಬಳಸಲು ಅನುಮತಿ, ಮುಗಿದ ಮೇಲೆ ಸಾಮಾನು ನಾವೇ ಒಯ್ಯುತ್ತೇವೆ" ಅಂತ ಬರೆದ್ರೆ ಅದು ಒಂದು ಸಹಿ ವಿಷಯ. ಒಂದು ಪುಟ ಸಾಕು. ಜೊತೆಗೆ ಜಾಗದ ಫೋಟೊ, ಫ್ಲಾಟ್‌ಬಾರ್‌ನ ಅಳತೆ, ಮಕ್ಕಳ ಪೋಷಕರ ಸಹಿ. ಎರಡು ಪ್ರತಿ ಒಯ್ದು ಒಂದಕ್ಕೆ ಇನ್‌ವರ್ಡ್ ಸೀಲು ಹಾಕಿಸ್ಕೊಳ್ಳಿ. ಸೀಲು ಇಲ್ಲದ ಅರ್ಜಿ ಕೊಟ್ಟ ಹಾಗೇ ಅಲ್ಲ. ಪಾರ್ಕು ಪಾಲಿಕೆದಾ, ತೋಟಗಾರಿಕೆ ಇಲಾಖೆದಾ, ಪ್ರಾಧಿಕಾರದ್ದಾ ಮೊದಲು ಗೊತ್ತುಮಾಡ್ಕೊಳ್ಳಿ. ಕ್ರೀಡಾಂಗಣ ಆದ್ರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ.

ನೀವು ಏಳು ಜನ ಅಂದ್ರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘ ಮಾಡೋಕೆ ಕಡಿಮೆ ಅಂದ್ರೆ ಏಳು ಜನ ಬೇಕು. ಸರಿಯಾಗಿದೆ.

ರ‍್ಯಾಂಪ್_ಪಂಗಡ
ಸಂಘ ಮಾಡಿದ್ರೆ ಕಂಪನಿಗಳ ಸಿಎಸ್‌ಆರ್ ದುಡ್ಡು ಬರುತ್ತಾ?

ಸೀಲು_ಸಹಿ
ತಕ್ಷಣ ಬರಲ್ಲ. ಆದಾಯ ತೆರಿಗೆ ಇಲಾಖೆಯ ನೋಂದಣಿ, ಸಿಎಸ್‌ಆರ್-1 ನೋಂದಣಿ ಬೇಕು, ಮೂರು ವರ್ಷದ ಕೆಲಸದ ದಾಖಲೆ ಬೇಕು. ಆದ್ರೆ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿ ಅಂತ ಸ್ಪಷ್ಟವಾಗಿ ಇದೆ, ಸ್ಕೇಟ್‌ಬೋರ್ಡಿಂಗ್ ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲಿದೆ. ಅದಕ್ಕೇ ಇವತ್ತಿನಿಂದಲೇ ಹಾಜರಿ ಪುಸ್ತಕ, ಫೋಟೊ, ಖರ್ಚಿನ ರಸೀದಿ ಇಟ್ಕೊಳ್ಳಿ. ಮೂರು ವರ್ಷ ಆದ ಮೇಲೆ ಹುಡುಕಿದ್ರೆ ಸಿಗಲ್ಲ.

ಕ್ವಾಡ್_ಕೋಚ್
ಈ ಆಟ ಭಾರತೀಯ ರೋಲರ್ ಸ್ಕೇಟಿಂಗ್ ಫೆಡರೇಶನ್ ಕೆಳಗೆ ಬರುತ್ತೆ. ಜಿಲ್ಲಾ ಸ್ಕೇಟಿಂಗ್ ಸಂಸ್ಥೆ ಸೇರಿ, ರಿಂಕ್ (ಸ್ಕೇಟಿಂಗ್ ಅಂಗಳ) ಸಿಗುತ್ತೆ. 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲೇ ಸ್ಕೇಟ್‌ಬೋರ್ಡಿಂಗ್ ಇತ್ತು.

ಬೇರಿಂಗ್_608
ಸಾರ್, ರಿಂಕ್‌ಗೆ ಬೋರ್ಡ್ ಬಿಡ್ತಾರಾ? ಟ್ರಕ್ ತಾಗಿ ನೆಲ ಗೀರುತ್ತೆ ಅಂತ ಗೇಟಲ್ಲೇ ತಡೀತಾರೆ.

ಕ್ವಾಡ್_ಕೋಚ್
ಬಿಡಲ್ಲ ಅನ್ನೋದಕ್ಕೆ ಕಾರಣ ಇದೆ. ಒಂದೇ ಹೊತ್ತಲ್ಲಿ ಸ್ಕೇಟ್ಸ್ ಮಕ್ಕಳು ಸುತ್ತು ಹಾಕ್ತಿರುವಾಗ ಕಾಲಿಂದ ತಪ್ಪಿದ ಬೋರ್ಡ್ ನೆಲಮಟ್ಟದಲ್ಲಿ ಬಾಣದ ಹಾಗೆ ಬರುತ್ತೆ. ಬೇರೆ ಹೊತ್ತು ಕೇಳಿ, ಬಾರ್ ಅಡಿಗೆ ರಬ್ಬರ್ ಹಾಕ್ತೀವಿ ಅಂತ ಹೇಳಿ. ಸ್ಪರ್ಧೆಗೆ ಹೋಗೋ ಮಕ್ಕಳಿಗೆ ಪ್ರಮಾಣಪತ್ರ ಬೇಕಾದ್ರೆ ಜಿಲ್ಲಾ ಸಂಸ್ಥೆಯ ದಾರಿ ಬಿಟ್ಟು ಬೇರೆ ಇಲ್ಲ.

ಹುಬ್ಳಿ_ಹಲಗಿ
ಪ್ರಮಾಣಪತ್ರದ ಸಲುವಾಗಿ ಬರೋ ಹುಡುಗ್ರು ಪ್ರಮಾಣಪತ್ರ ಸಿಕ್ಕಿಂದ ಹೋಗ್ತಾರ.

ಕ್ವಾಡ್_ಕೋಚ್
ಪ್ರಮಾಣಪತ್ರ ಇಲ್ಲದಿದ್ರೆ ಅವರ ಅಪ್ಪ ಕಳಿಸೋದೇ ಇಲ್ಲ. ಎರಡೂ ಸತ್ಯ.

ಮೀನಾಕ್ಷಿ_ಗೂಫಿ
ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಹಳ್ಳಿ ನೋಡಿ. ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ 2015ರಲ್ಲಿ ಅಲ್ಲಿ ಸ್ಕೇಟ್‌ಪಾರ್ಕ್ ಕಟ್ಟಿಸಿದ್ರು. ನಿಯಮ ಎರಡೇ: ಶಾಲೆಗೆ ಹೋಗದಿದ್ರೆ ಬೋರ್ಡ್ ಇಲ್ಲ, ಹುಡುಗಿಯರಿಗೆ ಮೊದಲ ಸರದಿ. ಪ್ರಮಾಣಪತ್ರ ಇಲ್ಲದೇ ಅಪ್ಪಂದಿರು ಒಪ್ಪಿದ್ದಕ್ಕೆ ಮೊದಲ ನಿಯಮವೂ ಒಂದು ಕಾರಣ ಅಂತ ನನ್ನ ಲೆಕ್ಕ. ಕೇರಳದ ಕೋವಳಂನ ಸ್ಕೇಟ್ ಕ್ಲಬ್ ಕೂಡ ಓದಿನ ಜೊತೆ ಕಟ್ಟಿಕೊಂಡು ನಡೆದದ್ದು. ಬೆಂಗಳೂರಿನ ಹೋಲಿಸ್ಟೋಕ್ಡ್ ಹುಡುಗರು ಬೇರೆ ದಾರಿ ಹಿಡಿದ್ರು, ತಾವೇ ಕಾಂಕ್ರೀಟ್ ಕಲಸೋದು ಕಲಿತು ಪಾರ್ಕ್ ಕಟ್ಟೋರಾದ್ರು.

ಮೈಸೂರಲ್ಲಿ "ಹುಡುಗಿಯರಿಗೆ ಮೊದಲು" ಅನ್ನೋದನ್ನ ಹೇಗೆ ಮಾಡಬಹುದು ಅಂದ್ರೆ, ಎರಡು ಗಂಟೆಯಲ್ಲಿ ಮೊದಲ 40 ನಿಮಿಷ ಎರವಲು ಬೋರ್ಡ್ ಹುಡುಗಿಯರಿಗೆ ಮಾತ್ರ. ಕಲಿಸೋರಲ್ಲಿ ಒಬ್ಬ ಹೆಂಗಸು ಇರಬೇಕು. ಹತ್ತಿರದಲ್ಲಿ ಶೌಚಾಲಯ ಇರೋ ಜಾಗ ಆರಿಸಿ. ಗಂಡಸರು ಜಾಗ ಹುಡುಕುವಾಗ ನೆಲ ನುಣುಪಾ ಅಂತ ಮಾತ್ರ ನೋಡ್ತಾರೆ, ಇದು ಕಣ್ಣಿಗೇ ಬೀಳಲ್ಲ.

ಇನ್ನೊಂದು: ಮಕ್ಕಳು ಬಿಟ್ಟು ಹೋಗೋದು ಒಂಬತ್ತನೇ ಕ್ಲಾಸಲ್ಲಿ, ಟ್ಯೂಷನ್ ಶುರುವಾದಾಗ. ಅವರಿಗೆ "ಪರೀಕ್ಷೆ ಮುಗಿದ ಮೇಲೆ ಬಾ" ಅನ್ನಬೇಡಿ, ಬರಲ್ಲ. "ಅರ್ಧ ಗಂಟೆ ಬಂದು ಸಣ್ಣವರಿಗೆ ಪುಶ್ (ಕಾಲಲ್ಲಿ ನೆಲ ತಳ್ಳೋದು) ಹೇಳಿಕೊಟ್ಟು ಹೋಗು" ಅನ್ನಿ.

ಒಂಟಿಕೊಪ್ಪಲ್_ಪುಶ್
ಮೊದಲ ದಿನ ಏನು ಕಲಿಸೋದು? ನಮ್ಮಲ್ಲಿ ಎಲ್ಲರೂ ನೇರ ಆಲಿ (ಬೋರ್ಡ್ ಸಮೇತ ಹಾರೋದು) ಹೇಳಿಕೊಡ್ತಾರೆ.

ಮೀನಾಕ್ಷಿ_ಗೂಫಿ
ಆಲಿ ಮೊದಲ ತಿಂಗಳಲ್ಲಿ ಬೇಡವೇ ಬೇಡ. ಕ್ರಮ ಹೀಗಿರಲಿ. ಹುಲ್ಲಿನ ಮೇಲೆ, ಇಲ್ಲಾ ಹಳೇ ಜಮಖಾನದ ಮೇಲೆ ಬೋರ್ಡ್ ಇಟ್ಟು ನಿಲ್ಲೋದು, ಚಕ್ರ ಉರುಳಲ್ಲ. ಹಿಂದಿನಿಂದ ಮೆಲ್ಲಗೆ ತಳ್ಳಿ ಯಾವ ಕಾಲು ಮುಂದಿಡ್ತಾರೆ ನೋಡಿ, ಅದೇ ಅವರ ನಿಲುವು. ಆಮೇಲೆ ಬೀಳೋದು: ಅಂಗೈ ಊರದೇ, ಮೊಣಕಾಲು ಮಡಚಿ ಭುಜದ ಮೇಲೆ ಉರುಳೋದು. ಆಮೇಲೆ ಕಾಂಕ್ರೀಟಲ್ಲಿ ಒಂದು ಪುಶ್, ಕಾಲು ಬೋಲ್ಟ್ ಮೇಲೆ. ಆಮೇಲೆ ಕಾಲು ಉಜ್ಜಿ ನಿಲ್ಲಿಸೋದು. ನಿಲ್ಲಿಸೋಕೆ ಬಾರದೇ ಇರೋರಿಗೆ ಎರಡನೇ ಪುಶ್ ಹೇಳಿಕೊಡಬೇಡಿ.

ಬೇರಿಂಗ್_608
ಚಪ್ಪಲಿಯಲ್ಲಿ ಹತ್ತಿಸಬೇಡಿ. ಶಾಲೆಯ ಪಿಟಿ ಬಿಳಿ ಕ್ಯಾನ್ವಾಸ್ ಶೂ ಕಲಿಯೋಕೆ ಒಳ್ಳೇದು, ಅಡಿ ಚಪ್ಪಟೆ, ಬೋರ್ಡ್ ಕಾಲಿಗೆ ತಿಳಿಯುತ್ತೆ. ಆಲಿ ಶುರುವಾದ ಮೇಲೆ ಡೆಕ್ ಮೇಲಿನ ಒರಟು ಗ್ರಿಪ್ ಟೇಪ್‌ಗೆ ಉಜ್ಜಿ ಕಿರುಬೆರಳ ಪಕ್ಕ ತೂತಾಗುತ್ತೆ. ಅಲ್ಲಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ ಹೊಲಿಸಿ.

ಸೀಲು_ಸಹಿ
ಹೆಲ್ಮೆಟ್?

ಚಕ್ರಪಾಣಿ_54ಎಂಎಂ
ಸೈಕಲ್ ಹೆಲ್ಮೆಟ್‌ನ ಥರ್ಮೋಕೋಲ್ ಥರದ ಫೋಮ್ ಒಂದೇ ದೊಡ್ಡ ಏಟಿಗೆ. ಏಟು ತಿಂದ ಮೇಲೆ ಹೊರಗೆ ಏನೂ ಕಾಣದಿದ್ರೂ ಒಳಗೆ ಕುಸಿದಿರುತ್ತೆ, ಬಿಸಾಕಬೇಕು. ಸ್ಕೇಟ್ ಹೆಲ್ಮೆಟ್‌ಗೆ ಎಎಸ್‌ಟಿಎಂ ಎಫ್1492 ಗುರುತು ನೋಡಿ, ಪದೇ ಪದೇ ಬೀಳೋದಕ್ಕೆ ಅಂತಲೇ ಮಾಡಿದ್ದು. ಬೈಕ್ ಹೆಲ್ಮೆಟ್ ಮಗುವಿನ ಕುತ್ತಿಗೆಗೆ ಭಾರ, ಕಿವಿಯೂ ಮುಚ್ಚುತ್ತೆ. ಮಣಿಕಟ್ಟಿನ ಗಾರ್ಡ್ ಹೆಲ್ಮೆಟ್‌ನಷ್ಟೇ ಮುಖ್ಯ, ಹೊಸಬರು ಮುರ್ಕೊಳ್ಳೋದು ಮಣಿಕಟ್ಟು. ಮತ್ತೆ ಮಣಿಕಟ್ಟು ಊದಿದ್ರೆ ಮೊದಲು ಎಕ್ಸ್‌ರೇ, ಆಮೇಲೆ ಬೇಕಾದ್ರೆ ಕಟ್ಟಿನವರ ಹತ್ರ ಹೋಗೋ ಮಾತು. ಮಕ್ಕಳ ಮೂಳೆಯ ಬೆಳೆಯೋ ತುದಿಗೆ ಏಟಾಗಿದ್ರೆ ಕೈಲಿ ಮುಟ್ಟಿ ತಿಳಿಯಲ್ಲ.

ಕುಡ್ಲ_ಕರ್ಬ್
ಮಳೆಗಾಲಕ್ಕೆ ಏನು ಮಾಡ್ತೀರಿ? ನಮ್ಮಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಹೊರಗೆ ಆಗುವುದೇ ಇಲ್ಲ. ನಾಲ್ಕು ತಿಂಗಳು ಬಿಟ್ರೆ ಗುಂಪು ಚೆದುರ್ತದೆ.

ಕಲ್ಯಾಣಮಂಟಪ_ಪಾರ್ಕಿಂಗ್
ಹೆಸರು ನೋಡಿದ್ರೇ ಗೊತ್ತಾಗಬೇಕು. ಆಷಾಢದಲ್ಲಿ ಮದುವೆ ಇಲ್ಲ, ಮಂಟಪಗಳು ಖಾಲಿ, ಮಳೆಯೂ ಆಗಲೇ. ನೆಲಮಾಳಿಗೆ ಪಾರ್ಕಿಂಗ್‌ನ ಬೆಳಿಗ್ಗೆ ಎರಡು ಗಂಟೆಗೆ ಕೇಳಿ. ನೆಲ ಟೈಲ್ ಹಾಕಿದ್ರೆ ಬೇಡ, ಕಾಂಕ್ರೀಟ್ ಇರಲಿ. ಕಂಬಕ್ಕೆ ಹಳೇ ಹಾಸಿಗೆ ಸುತ್ತಿ. ಮೊದಲು ಗುಡಿಸಿ, ಒಂದು ಮೊಳೆ ಸಾಕು ಚಕ್ರ ನಿಲ್ಲೋಕೆ.

ಕುಡ್ಲ_ಕರ್ಬ್
ಇದು ಭಾರೀ ಐಡಿಯಾ ಮಾರಾಯ್ರೆ.

ರ‍್ಯಾಂಪ್_ಪಂಗಡ
ಜೂನ್ 21 ಗೋ ಸ್ಕೇಟ್‌ಬೋರ್ಡಿಂಗ್ ಡೇ. ಅವತ್ತು ದೊಡ್ಡ ಕಾರ್ಯಕ್ರಮ ಮಾಡಿ ಪ್ರಚಾರ ಕೊಟ್ರೆ?

ಸೀಲು_ಸಹಿ
ಜೂನ್ 21 ಯೋಗ ದಿನವೂ ಹೌದು ಕಣಪ್ಪ. ಮೈಸೂರಲ್ಲಿ ಅವತ್ತು ಬೆಳಿಗ್ಗೆ ಒಂದು ಚಾಪೆ ಹಾಸೋಷ್ಟು ಮೈದಾನ ಖಾಲಿ ಸಿಗಲ್ಲ. 2022ರಲ್ಲಿ ದೇಶದ ಮುಖ್ಯ ಕಾರ್ಯಕ್ರಮವೇ ಅರಮನೆ ಮೈದಾನದಲ್ಲಿತ್ತು. ಹತ್ತಿರದ ಭಾನುವಾರಕ್ಕೆ ಹಾಕಿಕೊಳ್ಳಿ.

ಹುಬ್ಳಿ_ಹಲಗಿ
ಮತ್ತ ಮೊದಲ ವರ್ಷ ಟ್ರೋಫಿ ಬ್ಯಾಡ. ಐದ ಮಂದಿ, ಮೂರು ನಿಮಿಷ, ಒಂದ ಬಾರ್, ಎಲ್ಲಾರೂ ಸರದಿ ಮ್ಯಾಲೆ. ಯಾರ ಟ್ರಿಕ್‌ಗೆ ಗದ್ದಲ ಜಾಸ್ತಿ, ಅವಗ ಒಂದ ಡೆಕ್. ಪ್ರವೇಶ ಶುಲ್ಕ ಇಲ್ಲ.

ಸೆಂಟ್ರಿಂಗ್_ಸೀನ
ಮುಂದೆ ಖಾಯಂ ಜಾಗ ಸಿಕ್ಕಿದ್ರೆ ಪಾರ್ಕಿಗಿಂತ ಮೊದಲು ಒಂದು ಒಳ್ಳೇ ನೆಲ ಹಾಕಿಸಿ. ಎಂ25 ಕಾಂಕ್ರೀಟ್, 100 ಎಂಎಂ ದಪ್ಪ, ಅಡಿಗೆ ಗಟ್ಟಿಸಿದ ಜಲ್ಲಿ, ಜಲ್ಲಿ ಮೇಲೆ ಪ್ಲಾಸ್ಟಿಕ್ ಹಾಳೆ. ರೆಡಿಮಿಕ್ಸ್ ಲಾರಿ ಸಾಮಾನ್ಯವಾಗಿ 6 ಘನ ಮೀಟರ್ ತರುತ್ತೆ. 6×12 ಮೀಟರ್ ನೆಲಕ್ಕೆ 7.2 ಬೇಕು, ಅಂದ್ರೆ ಎರಡು ಲಾರಿ. ಎರಡನೇದು ಟ್ರಾಫಿಕ್‌ನಲ್ಲಿ ಸಿಕ್ಕಿದ್ರೆ ನಡುವೆ ಶಾಶ್ವತ ಗೀಟು ಬೀಳುತ್ತೆ. 5×11 ಮಾಡಿ, 5.5 ಘನ ಮೀಟರ್, ಚೆಲ್ಲಿದ್ದು ಹೆಚ್ಚುಕಮ್ಮಿ ಆಗಿದ್ದು ಸೇರಿಸಿದ್ರೂ ಒಂದೇ ಲಾರಿ.

ಇಳಿಜಾರು ನೂರಕ್ಕೆ ಒಂದು, 5 ಮೀಟರ್ ಅಗಲಕ್ಕೆ 5 ಸೆಂ.ಮೀ. ಮೇಸ್ತ್ರಿಗೆ ಎರಡು ವಿಷಯ ಬರೆದೇ ಕೊಡಿ. ಒಂದು, ಪೊರಕೆ ಗೀಟು ಹಾಕಬಾರದು. "ಜಾರುತ್ತೆ ಸಾರ್" ಅಂತ ಒಳ್ಳೇ ಮನಸ್ಸಿಂದಲೇ ಎಳೆದುಬಿಡ್ತಾರೆ. ಎರಡು, ಮೇಲೆ ಒಣ ಸಿಮೆಂಟ್ ಉದುರಿಸಿ ನುಣುಪು ಮಾಡಬಾರದು, ಆರು ತಿಂಗಳಿಗೆ ಸಿಪ್ಪೆ ಏಳುತ್ತೆ. ಪವರ್ ಟ್ರೊವೆಲ್ (ನೆಲ ನುಣುಪು ಮಾಡೋ ಯಂತ್ರ) ತರಿಸಿ. ಮಾರನೇ ದಿನದೊಳಗೆ 3–4 ಮೀಟರಿಗೊಂದು ಸಂದು ಕಟರ್‌ನಲ್ಲಿ ಕೊಯ್ಯಿಸಿ, 3 ಎಂಎಂ ಅಗಲ ಸಾಕು. ದೊಡ್ಡದಾದ್ರೆ ಪ್ರತಿ ಸಂದಿಗೂ ಚಕ್ರ ಟಕ್ ಅನ್ನುತ್ತೆ. ಏಳು ದಿನ ನೀರು ಕಟ್ಟಿ.

ಒಂಟಿಕೊಪ್ಪಲ್_ಪುಶ್
ಎಲ್ಲರಿಗೂ ಥ್ಯಾಂಕ್ಸ್. ಗುಂಪಲ್ಲಿ ಮಾತಾಡಿದ್ವಿ. ರ‍್ಯಾಂಪ್ ಸದ್ಯಕ್ಕಿಲ್ಲ. ಒಂದು 20 ಅಡಿ ಪೈಪ್, ಒಂದು ಬಾಕ್ಸ್, ಹಳೇ ಬೋರ್ಡ್ 4, ಮೆತ್ತನೆ ಚಕ್ರ, ಹೆಲ್ಮೆಟ್ 4, ಗಾರ್ಡ್ 4 ಜೊತೆ. ಅರ್ಜಿ ಬರೀತಿದ್ದೀವಿ. ಒಂದೇ ಜಗಳ ಉಳಿದಿದೆ, ಭಾನುವಾರ 6.30 ಎಲ್ಲರಿಗೂ ತುಂಬಾ ಬೇಗ ಅನ್ನಿಸ್ತಿದೆ.

ಮೀನಾಕ್ಷಿ_ಗೂಫಿ
7 ಮಾಡಿ, ಆದ್ರೆ ಆಮೇಲೆ ಬದಲಿಸಬೇಡಿ.

ರ‍್ಯಾಂಪ್_ಪಂಗಡ
ರ‍್ಯಾಂಪ್ ಸದ್ಯಕ್ಕಿಲ್ಲ ಅಂದ್ರೆ ಯಾವಾಗ?

ಹುಬ್ಳಿ_ಹಲಗಿ
ಪೈಪ್ ಕೊಳ್ಳೋಮುಂದ ಒಂದ ಕಣ್ಣು ಮುಚ್ಚಿ ಒಂದು ತುದಿಯಿಂದ ಉದ್ದಕ ನೋಡ್ರಿ. ಅಂಗಡಿ ಗೋಡಿಗೆ ಒರಗಿಸಿಟ್ಟ ಪೈಪ್ ನಡುವ ಬಗ್ಗಿರ್ತದ.